ಯಾವ ಕೈ, ಏಕೆ?

ಆಲ್ಕೈಲ್ ಹ್ಯಾಲೈಡಿಗೆ ಪೊಟ್ಯಾಸಿಯಂ ಸಯನೈಡ್ ಸೇರಿಸಿದರೆ ನೈಟ್ರೈಲ್, ಸಿಲ್ವರ್ ಸಯನೈಡ್ ಸೇರಿಸಿದರೆ ಐಸೊಸಯನೈಡ್. ಈ ಮಾತನ್ನು ನಮ್ಮ ಪಿ.ಯು.ಸಿ. ವಿದ್ಯಾರ್ಥಿಗಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಹೀಗೇಕೆ ಎಂದು ಕೇಳಿದರೆ ಅನೇಕರು ಮೌನ ತಾಳುತ್ತಾರೆ. ಈ ಮೌನಕ್ಕೆ ಅವರು ಹೊಣೆಯಲ್ಲ, ನಾವು ಕಲಿಸುವ ಕ್ರಮವೇ ಹೊಣೆಯೆಂಬುದು ನಮ್ಮ ಅಭಿಪ್ರಾಯ.

ತನ್ನ ಎಲೆಕ್ಟ್ರಾನ್ ಜೋಡಿಯನ್ನಿತ್ತು ಬಂಧ ಬೆಸೆಯುವ ಅಣು ಅಥವಾ ಅಯಾನಿಗೆ ನ್ಯೂಕ್ಲಿಯೊಫೈಲ್ ಎಂದು ಹೆಸರು. ಸಯನೈಡಿಗೆ ಬೆಸೆಯುವ ಕೈಗಳು ಎರಡು: ಕಾರ್ಬನ್ ಮತ್ತು ನೈಟ್ರೋಜನ್. ಪೊಟ್ಯಾಸಿಯಂ ಲವಣದಲ್ಲಿ ಅಯಾನು ಸ್ವತಂತ್ರವಾಗಿದ್ದು ಕಾರ್ಬನ್ ಮುಂದಾಗುತ್ತದೆ. ಸಿಲ್ವರ್ ಲವಣದಲ್ಲಾದರೋ ಕಾರ್ಬನ್ ಬೆಳ್ಳಿಗೆ ಕಟ್ಟುಬಿದ್ದಿರುವುದರಿಂದ ನೈಟ್ರೋಜನ್ ಆ ಕೆಲಸವನ್ನು ವಹಿಸಿಕೊಳ್ಳುತ್ತದೆ.

ಇದಕ್ಕೆ ಹತ್ತಿರದ ನಿದರ್ಶನವೊಂದು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪಿನ ಹೊಲಗಳಲ್ಲಿದೆ. ನಿಕೋಟಿನ್ ಅಣುವಿನಲ್ಲಿಯೂ ಎರಡು ನೈಟ್ರೋಜನ್ ಪರಮಾಣುಗಳಿವೆ. ಒಂದು ಐದು ಪರಮಾಣುಗಳ ಉಂಗುರದಲ್ಲಿ, ಇನ್ನೊಂದು ಆರರ ಉಂಗುರದಲ್ಲಿ. ಸಯನೈಡಿನ ಕೈಗಳು ನೇರವಾಗಿ ಕೂಡಿಕೊಂಡಿವೆ, ಇಲ್ಲಿ ಅವು ಬೇರೆ ಬೇರೆ. ಆದರೂ ಪ್ರಶ್ನೆ ಒಂದೇ. ಐದರ ಉಂಗುರದ ನೈಟ್ರೋಜನ್ ಪ್ರೋಟಾನನ್ನು ಬೇಗ ಹಿಡಿಯುತ್ತದೆ. ಆಮ್ಲದಲ್ಲಿ ಅದು ಹೀಗೆ ಕಟ್ಟುಬಿದ್ದಾಗ, ಮೀಥೈಲ್ ಅಯೊಡೈಡಿನೊಡನೆ ವರ್ತಿಸುವುದು ಆರರ ಉಂಗುರದ ನೈಟ್ರೋಜನ್.

ಇದು ಪ್ರಯೋಗಶಾಲೆಗಷ್ಟೇ ಸೇರಿದ ವಿಷಯವಲ್ಲ. ಎಲೆಯಡಿಕೆಯಲ್ಲಿ ಹೊಗೆಸೊಪ್ಪಿನೊಡನೆ ಸುಣ್ಣ ಬೆರೆತಾಗ ಕ್ಷಾರವು ಆ ಪ್ರೋಟಾನನ್ನು ಕಿತ್ತುಕೊಳ್ಳುತ್ತದೆ. ಬಿಡುಗಡೆಯಾದ ನಿಕೋಟಿನ್ ಬಾಯಿಯ ಒಳಪೊರೆಯನ್ನು ಸುಲಭವಾಗಿ ದಾಟಿ ರಕ್ತವನ್ನು ಸೇರುತ್ತದೆ. ಮಳೆಯಲ್ಲಿ ತೊಯ್ದ ಎಲೆಗಳನ್ನು ಕೀಳುವವರಿಗೆ ತಲೆಸುತ್ತು, ವಾಂತಿ ಬರುವುದೂ ನೀರಿನಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕ ಒಳಹೋಗುವುದರಿಂದಲೇ. ಕಾರಣವನ್ನರಿತ ವಿದ್ಯಾರ್ಥಿ ಮನೆಯವರಿಗೆ ಕೈಗವಸು ತೊಡಿಸಿಯಾನು, ಒದ್ದೆ ಬಟ್ಟೆ ಬದಲಿಸಿರೆಂದು ಹೇಳಿಯಾನು. ಬರಿಯ ಸೂತ್ರವನ್ನು ಬಾಯಿಪಾಠ ಮಾಡಿದವನು ಏನು ತಾನೇ ಹೇಳಿಯಾನು?

ಪಾಠ ದೊಡ್ಡದು, ವೇಳೆ ಕಡಿಮೆ ಎಂದು ಅಧ್ಯಾಪಕರು ಹೇಳಬಹುದು. ಆದರೆ ಕಾರಣವೇ ವೇಳೆಯನ್ನು ಉಳಿಸುತ್ತದೆ. ನೈಟ್ರೈಟಿನ ಕೈಗಳು ಆಕ್ಸಿಜನ್ ಮತ್ತು ನೈಟ್ರೋಜನ್. ಪೊಟ್ಯಾಸಿಯಂ ಲವಣದಲ್ಲಿ ಋಣ ವಿದ್ಯುದಂಶ ಹೊತ್ತ ಆಕ್ಸಿಜನ್ ಮುಂದಾಗಿ ನೈಟ್ರೈಟ್ ಎಸ್ಟರ್ ಆಗುತ್ತದೆ. ಸಿಲ್ವರ್ ಲವಣದಲ್ಲಿ ಆಕ್ಸಿಜನ್ ಕಟ್ಟುಬಿದ್ದು, ನೈಟ್ರೋಜನ್ನಿನಿಂದ ನೈಟ್ರೊ ಸಂಯುಕ್ತ ದೊರೆಯುತ್ತದೆ. ಎರಡು ಸೂತ್ರಗಳಿಗೆ ಒಂದೇ ವಿವರಣೆ ಸಾಕಾಯಿತು.

ಆದುದರಿಂದ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ‘ಏನು ದೊರೆಯುತ್ತದೆ’ ಎಂಬಲ್ಲಿಗೇ ನಿಲ್ಲದೆ, ‘ಯಾವ ಕೈ ದುಡಿಯಿತು, ಏಕೆ’ ಎಂದೂ ಕೇಳತಕ್ಕದ್ದು. ಪ್ರಶ್ನೆ ಬದಲಾದರೆ ಓದುವ ರೀತಿಯೂ ಬದಲಾಗುವುದೆಂದು ನಾವು ನಂಬಿದ್ದೇವೆ.