ಅಜೆಫ್‌ನನ್ನು ಕಾಪಾಡಿದವರು ಯಾರು?

ಆಲ್ಬರ್ಟ್ ಕಮೂನ 1949ರ ನಾಟಕ ‘ಲೆ ಜುಸ್ತ್’ ಓದಿದವರಿಗೆ ಕಲ್ಯಾಯೆವ್ ಗೊತ್ತು. ಗ್ರ್ಯಾಂಡ್ ಡ್ಯೂಕ್ ಸೆರ್ಗೈಯ ಗಾಡಿಯಲ್ಲಿ ಮಕ್ಕಳನ್ನು ಕಂಡು ಬಾಂಬ್ ಎಸೆಯದೆ ಮರಳಿದವನು ಅವನು. ಆ ಹಿಂಜರಿಕೆಯ ನೈತಿಕತೆಯ ಬಗ್ಗೆ ನಾವು ಪುಟಗಟ್ಟಲೆ ಬರೆಯುತ್ತೇವೆ. ಆದರೆ 1905ರಲ್ಲಿ ಆ ಹತ್ಯೆ ನಡೆಸಿದ ಗುಪ್ತದಳದ ಮುಖ್ಯಸ್ಥ ಯೆವ್ನೊ ಅಜೆಫ್ ನಾಟಕದ ಪಾತ್ರಗಳಲ್ಲಿ ಇಲ್ಲ. ಸೋಶಲಿಸ್ಟ್ ರೆವಲ್ಯೂಷನರಿ ಪಕ್ಷದ ಈ ನಾಯಕ 1893ರಿಂದಲೇ ತ್ಸಾರನ ಪೊಲೀಸರಿಗೆ ಸುದ್ದಿ ಮಾರುತ್ತಿದ್ದ.

ಅಜೆಫ್‌ನ ಹೆಸರೆತ್ತಿದರೆ ಸಾಕು, ‘ಇಬ್ಬಗೆಯ ವ್ಯಕ್ತಿತ್ವದ ನಿಗೂಢತೆ’ ಎಂಬ ಮಾತು ಶುರುವಾಗುತ್ತದೆ. ಇದು ಸೋಮಾರಿ ಓದು. ಕೇಳಬೇಕಾದದ್ದು ಬೇರೆ: ಅವನನ್ನು ಅಷ್ಟು ವರ್ಷ ಕಾಪಾಡಿದವರು ಯಾರು?

1905ರಲ್ಲಿ ಪಕ್ಷಕ್ಕೊಂದು ಅನಾಮಧೇಯ ಪತ್ರ ಬಂತು. ಅದರಲ್ಲಿ ಪೊಲೀಸ್ ಏಜೆಂಟರೆಂದು ಇಬ್ಬರ ಗುರುತಿತ್ತು: ತತಾರೊವ್ ಮತ್ತು ಅಜೆಫ್. ಪಕ್ಷ ತತಾರೊವ್‌ನ ವಿಚಾರಣೆ ನಡೆಸಿತು. 1906ರಲ್ಲಿ ವಾರ್ಸಾದಲ್ಲಿ, ಹೆತ್ತವರ ಮನೆಯಲ್ಲೇ ಅವನ ಕೊಲೆಯಾಯಿತು. ಅವನು ನಿಜಕ್ಕೂ ಏಜೆಂಟನೇ ಆಗಿದ್ದ. ಅಂದರೆ ಪತ್ರದ ಅರ್ಧ ನಿಜವೆಂದು ಪಕ್ಷವೇ ಒಪ್ಪಿತ್ತು. ಉಳಿದರ್ಧವನ್ನು ಮಾತ್ರ ಪೊಲೀಸರ ಕುತಂತ್ರವೆಂದು ತಳ್ಳಿಹಾಕಿತು. ಗೃಹಮಂತ್ರಿ ಪ್ಲೇವೆಯನ್ನೇ ಕೊಲ್ಲಿಸಿದವನು ಪೊಲೀಸರ ಕಡೆಯವನಾಗುವುದುಂಟೇ?

‘ಸರ್ವಾಧಿಕಾರದ ಎದುರು ಗುಟ್ಟಾಗಿ ಹೋರಾಡುವವರು ಒಬ್ಬರನ್ನೊಬ್ಬರು ಅನುಮಾನಿಸಿದರೆ ಸಂಘಟನೆಯೇ ಉಳಿಯದು’ ಎಂಬ ಸಮರ್ಥನೆ ಇದೆ. ಮಾತು ಸುಳ್ಳಲ್ಲ. ಆದರೆ ಈ ಪಕ್ಷ ಅನುಮಾನವನ್ನು ಬಿಟ್ಟಿರಲಿಲ್ಲ. ದರ್ಜೆ ನೋಡಿ ಹಂಚಿತ್ತು. ಕೆಳಗಿನವನಿಗೆ ವಿಚಾರಣೆ ಮತ್ತು ಸಾವು, ಮೇಲಿನವನಿಗೆ ನಂಬಿಕೆ.

1908ರಲ್ಲಿ ಪತ್ರಿಕಾ ಸಂಪಾದಕ ವ್ಲಾದಿಮಿರ್ ಬುರ್ತ್ಸೆವ್ ಪ್ಯಾರಿಸ್ಸಿನಲ್ಲಿ ಅಜೆಫ್‌ನ ಮೇಲೆ ನೇರ ಆರೋಪ ಹೊರಿಸಿದ. ಆಗ ದೇಶಭ್ರಷ್ಟ ಕ್ರಾಂತಿಕಾರಿಗಳು ಕಟಕಟೆಯಲ್ಲಿ ನಿಲ್ಲಿಸಿದ್ದು ಅಜೆಫ್‌ನನ್ನಲ್ಲ, ಬುರ್ತ್ಸೆವ್‌ನನ್ನು. ತೀರ್ಪಿಗೆ ಕೂತವರು ಕ್ರೊಪೊಟ್ಕಿನ್, ವೆರಾ ಫಿಗ್ನರ್, ಗೆರ್ಮನ್ ಲೊಪಾಟಿನ್. ಸೆರೆಮನೆ ಕಂಡು ಬಂದ ಗೌರವಾನ್ವಿತರು. ಕೊನೆಗೆ ನಿಜ ಹೊರಬಂದದ್ದು ಪಕ್ಷದೊಳಗಿಂದಲ್ಲ, ಪೊಲೀಸ್ ಇಲಾಖೆಯ ಮಾಜಿ ನಿರ್ದೇಶಕ ಲೊಪುಖಿನ್‌ನ ಬಾಯಿಂದ. ಅದಕ್ಕಾಗಿ ಸರ್ಕಾರ ಅವನನ್ನು ಸೈಬೀರಿಯಾಕ್ಕೆ ಗಡೀಪಾರು ಮಾಡಿತು. 1909ರ ಜನವರಿಯಲ್ಲಿ ಪ್ಯಾರಿಸ್ಸಿನಿಂದ ಪರಾರಿಯಾದ ಅಜೆಫ್ 1918ರಲ್ಲಿ ಬರ್ಲಿನ್ನಿನಲ್ಲಿ ಕಾಯಿಲೆಯಿಂದ ಸತ್ತ.

ಬೇಲಿಯೇ ಹೊಲ ಮೇಯಿತೆಂದು ಇದನ್ನು ಮುಗಿಸಿಬಿಡುವುದು ಸುಲಭ. ಆದರೆ ‘ಬೇಲಿ ಮೇಯುತ್ತಿದೆ’ ಎಂದು ಕೂಗಿದವನನ್ನು ಕಟಕಟೆಗೆ ಎಳೆದವರು ಹೊಲದವರೇ. ಪೊಲೀಸರು ಅಜೆಫ್‌ಗೆ ಹಣ ಕೊಟ್ಟರು. ಪ್ರಶ್ನೆಗೆ ಸಿಗದ ಎತ್ತರವನ್ನು ಕೊಟ್ಟವರು ಸಂಗಾತಿಗಳು. ಯಾವುದೇ ಚಳವಳಿ, ಎಷ್ಟೇ ನ್ಯಾಯದ್ದಾಗಿರಲಿ, ‘ಇವರನ್ನು ಮಾತ್ರ ಕೇಳಬಾರದು’ ಎಂದು ಒಬ್ಬರನ್ನು ಬದಿಗಿಟ್ಟ ದಿನ, ಶತ್ರು ಕೊಳ್ಳಬೇಕಾದವರು ಯಾರೆಂದು ತಾನೇ ತೋರಿಸಿಕೊಟ್ಟಿರುತ್ತದೆ.