ಹಳೆ ಸೀರೆ, ಹೊಸ ಗೋಡೆ
ಗೋಡೆಯ ಅಲಂಕಾರಕ್ಕೆಂದು ಸಾವಿರಗಟ್ಟಲೆ ಸುರಿಯುವ ಮೊದಲು ಬೀರುವಿನ ತಳದಲ್ಲಿ ಕೂತಿರುವ ಹಳೆಯ ಸೀರೆಗಳನ್ನೊಮ್ಮೆ ಹೊರಗೆ ತೆಗೆಯಿರಿ. ಉತ್ತರ ಕರ್ನಾಟಕದ ಅಜ್ಜಿಯರು ಸವೆದ ನೂಲಿನ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಕೈಹೊಲಿಗೆ ಹಾಕಿಯೇ ಮನೆಮಂದಿಗೆಲ್ಲ ಕೌದಿ ಹೊದಿಸಿದವರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿಯ ಚೆಲುವೇ ಬೇರೆ: ಮೂಲೆಯಿಂದ ಶುರುವಾದ ಹೊಲಿಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ, ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಹೂಗಳು ಕೂರುತ್ತವೆ. ಗೋಡೆಗೆ ಇಂಥದೇ ಕೌದಿ ಹೊಲಿಯಹೊರಟ ಹೊಸಬರು ಹಾಸಿಗೆಯ ಅಳತೆಗೆ ಕೈಹಾಕದೆ ಎರಡಡಿ ಚೌಕದಿಂದ ಆರಂಭಿಸಲಿ. ಮೇಲಂಚನ್ನು ಮಡಿಸಿ ಹೊಲಿದು ಬಿದಿರುಕೋಲು ತೂರಿಸಿದರೆ ಗೋಡೆಗೆ ಸಿದ್ಧ. ಹತ್ತಿಯ ಜೊತೆ ನೈಲಾನ್ ಬೆರೆಸಬೇಡಿ. ಒಗೆದಾಗ ಹತ್ತಿಯಷ್ಟೇ ಕುಗ್ಗಿ ಹೊಲಿಗೆ ಸುಕ್ಕಾಗುತ್ತದೆ. ಉಳಿದ ತುಂಡುಗಳು ಮನೆತುಂಬ ಹರಡದಂತೆ ಅವನ್ನು ಒಗೆದು, ಬಣ್ಣವಾರು ಶೂ ಡಬ್ಬಿಗಳಲ್ಲಿಟ್ಟು, ಗುರುತಿಗೆ ಅದೇ ಬಣ್ಣದ ಚೂರೊಂದನ್ನು ಹೊರಗೆ ಅಂಟಿಸಿ. ಗುಂಡಿ, ಪಿನ್ನು, ದಾರದುಂಡೆಗಳಿಗೆ ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿ ಸಾಕು; ಒಳಗಿರುವುದು ಕಾಣುತ್ತದೆ, ಹುಡುಕಾಟ ತಪ್ಪುತ್ತದೆ. ಕರಕುಶಲದ ಸಾಮಾನು ಜೋಡಿಸಿಡಲೆಂದು ಬಣ್ಣಬಣ್ಣದ ಪ್ಲಾಸ್ಟಿಕ್ ಬುಟ್ಟಿಗಳನ್ನು ಕೊಂಡು ತಂದರೆ ಅದು ಉಳಿತಾಯವಲ್ಲ, ಇನ್ನೊಂದು ಖರ್ಚು.