ಹಾಯಿದೋಣಿಯ ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೇ? ತಪ್ಪು ಯಾವಾಗಲೂ ಬ್ಯಾಟರಿಯದ್ದಲ್ಲ

‘ಚಾರ್ಜ್ ನಿಲ್ತಿಲ್ಲ ಅಂದ್ರೆ ಬ್ಯಾಟರಿ ಸತ್ತಿದೆ, ಹೊಸದು ಹಾಕಿಸಿ.’ ಮನೆಯ ಇನ್ವರ್ಟರ್ ಇರಲಿ, ಬೈಕ್ ಇರಲಿ, ದೋಣಿಯೇ ಇರಲಿ, ಈ ಸಲಹೆ ಎಲ್ಲ ಕಡೆ ಸಿಗುತ್ತದೆ. ಸಲಹೆ ಕೇಳಿ ಹೊಸ ಬ್ಯಾಟರಿ ಹಾಕಿಸಿದವರಲ್ಲಿ ಎಷ್ಟೋ ಮಂದಿಗೆ ಕೆಲವೇ ತಿಂಗಳಲ್ಲಿ ಅದೇ ತೊಂದರೆ ಮತ್ತೆ ಎದುರಾಗುತ್ತದೆ. ದೋಷ ಇದ್ದದ್ದು ಬ್ಯಾಟರಿಯಲ್ಲಲ್ಲ, ಅದಕ್ಕೆ ಕರೆಂಟ್ ತರುವ ದಾರಿಯಲ್ಲಿ. ಈ ದಾರಿ ಅತಿ ಹೆಚ್ಚು ಕೆಡುವುದು ಉಪ್ಪುಗಾಳಿಯಲ್ಲೇ ಬದುಕುವ ಹಾಯಿದೋಣಿಯಲ್ಲಿ. ಹಾಗಾಗಿ ಅದನ್ನೇ ಉದಾಹರಣೆಯಾಗಿ ನೋಡೋಣ.

ಗಾಳಿಯಿಂದ ಸಾಗುವ ದೋಣಿಗೆ ಬ್ಯಾಟರಿ ಯಾಕೆ?

ದೋಣಿಯನ್ನು ತಳ್ಳುವುದು ಗಾಳಿಯಾದರೂ ರೇಡಿಯೊ, ಜಿಪಿಎಸ್, ರಾತ್ರಿಯ ದೀಪಗಳು, ಆಟೋಪೈಲಟ್, ಒಳಗೆ ಸೇರಿದ ನೀರನ್ನು ಹೊರಹಾಕುವ ಪಂಪ್ ಎಲ್ಲವೂ ಬ್ಯಾಟರಿಯನ್ನೇ ನಂಬಿವೆ. ಭಾರತೀಯ ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್‌ಗಳಾದ ದಿಲ್ನಾ ಕೆ. ಮತ್ತು ರೂಪಾ ಎ. 2024ರ ಅಕ್ಟೋಬರ್‌ನಲ್ಲಿ ಗೋವಾದಿಂದ ‘ತಾರಿಣಿ’ ಹಾಯಿನೌಕೆಯಲ್ಲಿ ಹೊರಟು, ಭೂಮಿಯನ್ನು ಸುತ್ತಿ 2025ರ ಮೇ ತಿಂಗಳಲ್ಲಿ ಮರಳಿದರು. ಅಂಥ ಯಾನದಲ್ಲಿ ನಡುಕಡಲಲ್ಲಿ ರೇಡಿಯೊ ಆರಿಹೋದರೆ ಕರೆಯಲು ಮೆಕ್ಯಾನಿಕ್ ಇರುವುದಿಲ್ಲ. ಎಲ್ಲಿ ತೊಂದರೆ ಎಂದು ಹುಡುಕುವುದು ದೋಣಿಯಲ್ಲಿದ್ದವರದ್ದೇ ಕೆಲಸ.

ಮೀಟರ್ ಹೇಳುವ ಸತ್ಯ

ಹುಡುಕಾಟಕ್ಕೆ ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್. 12 ವೋಲ್ಟ್‌ನ ಲೆಡ್-ಆಸಿಡ್ ಬ್ಯಾಟರಿಯನ್ನೇ ತೆಗೆದುಕೊಳ್ಳೋಣ.

ಮೊದಲ ಅಳತೆ: ಎಂಜಿನ್ ನಿಲ್ಲಿಸಿ, ಸೋಲಾರ್ ಸಂಪರ್ಕ ತಪ್ಪಿಸಿ, ಎಲ್ಲ ಉಪಕರಣ ಆರಿಸಿ, ಕೆಲವು ಗಂಟೆ ಬಿಟ್ಟು ನೋಡಬೇಕು. 12.6ರಿಂದ 12.8 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.2 ಎಂದರೆ ಸುಮಾರು ಅರ್ಧ. 11.9ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಚಾರ್ಜಿಂಗ್ ನಿಲ್ಲಿಸಿದ ಕೂಡಲೇ ಅಳೆದರೆ ಅಂಕಿ ಹೆಚ್ಚೇ ಕಾಣುತ್ತದೆ, ಅದನ್ನು ನಂಬಬಾರದು.

ಎರಡನೆಯದು: ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಮೇಲೇ ಅಳೆಯಬೇಕು. ಅಂಕಿ ಕ್ರಮೇಣ 14ರ ಆಚೆಗೆ ಏರಬೇಕು. ಖಾಲಿ ಬ್ಯಾಟರಿಯಾದರೆ ಏರಲು ಹೊತ್ತು ಬೇಕು. ಸ್ವಲ್ಪವೂ ಏರದಿದ್ದರೆ ಕರೆಂಟ್ ಬರುತ್ತಲೇ ಇಲ್ಲ ಎಂದರ್ಥ. ಆಗ ಆಲ್ಟರ್ನೇಟರಿನ ಬೆಲ್ಟ್ ಸಡಿಲವಾಗಿದೆಯೇ, ಸುತ್ತ ಕಪ್ಪು ಪುಡಿ ಬಿದ್ದಿದೆಯೇ, ಫ್ಯೂಸ್ ಹೋಗಿದೆಯೇ ನೋಡಿ. ಕೀ ತಿರುಗಿಸಿದಾಗ ಚಾರ್ಜಿಂಗ್ ದೀಪ ಹತ್ತುತ್ತದೆಯೇ ಎಂಬುದನ್ನೂ ಗಮನಿಸಿ. ಅನೇಕ ಆಲ್ಟರ್ನೇಟರ್‌ಗಳು ಕೆಲಸ ಆರಂಭಿಸಲು ಬೇಕಾದ ಕರೆಂಟ್ ಆ ದೀಪದ ಮೂಲಕವೇ ಹೋಗುತ್ತದೆ. ಪುಟ್ಟ ಬಲ್ಬ್ ಸುಟ್ಟರೂ ಚಾರ್ಜಿಂಗ್ ನಿಲ್ಲಬಹುದು.

ಮೂರನೆಯದು: ಅಂಕಿ ಏರಿ 13.5ರ ಹತ್ತಿರವೇ ನಿಂತುಬಿಟ್ಟರೆ ಆಲ್ಟರ್ನೇಟರಿನ ಬಾಯಲ್ಲೇ ಅಳೆಯಬೇಕು. ಅಲ್ಲಿ 14.3 ಇದ್ದು ಬ್ಯಾಟರಿಯಲ್ಲಿ 13.5 ಇದ್ದರೆ 0.8 ವೋಲ್ಟ್ ದಾರಿಯಲ್ಲೇ ಸೋರಿಹೋಗಿದೆ. ಹಸಿರುಗಟ್ಟಿದ ಟರ್ಮಿನಲ್, ಸಡಿಲ ನಟ್, ತೆಳು ವೈರ್, ಸವೆದ ಸ್ವಿಚ್ ಇವೆಲ್ಲ ಶಂಕಿತರು. ಇನ್ನೊಬ್ಬ ಮುಖ್ಯ ಶಂಕಿತ ಡಯೋಡ್ ಐಸೊಲೇಟರ್. ದೋಣಿಗಳಲ್ಲಿ ಎಂಜಿನ್ನಿಗೊಂದು, ಇತರ ಬಳಕೆಗೊಂದು ಬ್ಯಾಟರಿ ಇರುವುದು ವಾಡಿಕೆ. ಎರಡನ್ನೂ ಬೇರ್ಪಡಿಸುವ ಈ ಹಳೆಯ ಮಾದರಿಯ ಸಾಧನ ತಾನೇ 0.6ರಿಂದ 0.7 ವೋಲ್ಟ್ ನುಂಗುತ್ತದೆ. ಪರಿಣಾಮ, ಬ್ಯಾಟರಿ ಪೂರ್ತಿ ತುಂಬುವುದೇ ಇಲ್ಲ. ಅರ್ಧ ತುಂಬಿದ ಸ್ಥಿತಿಯಲ್ಲೇ ಉಳಿದರೆ ಒಳಗಿನ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಹೊಸ ಬ್ಯಾಟರಿಗಳು ಬೇಗ ಕೆಡುವುದು ಹೀಗೆ.

ಇವೆಲ್ಲ ಸರಿಯಿದ್ದು, ಪೂರ್ತಿ ತುಂಬಿದ ಬ್ಯಾಟರಿ ಯಾವ ಉಪಕರಣಕ್ಕೂ ಸಂಪರ್ಕವಿಲ್ಲದೆ ಒಂದೆರಡು ದಿನದಲ್ಲೇ ಇಳಿದುಹೋದರೆ ಮಾತ್ರ ಬ್ಯಾಟರಿಯನ್ನು ಅನುಮಾನಿಸಬೇಕು.

ಕೆಲವು ನಂಬಿಕೆಗಳು, ಅವುಗಳ ಹಿಂದಿನ ನಿಜ

‘ಎಂಜಿನ್ ಒಂದು ಗಂಟೆ ಓಡಿಸಿದರೆ ಸಾಕು.’ ಸಾಲದು. ಲೆಡ್-ಆಸಿಡ್ ಬ್ಯಾಟರಿ ಸುಮಾರು ಶೇ. 80ರವರೆಗೆ ಬೇಗ ತುಂಬುತ್ತದೆ. ಉಳಿದ ಭಾಗಕ್ಕೆ ಹಲವು ಗಂಟೆ ಬೇಕು. ಆ ಕೊನೆಯ ಭಾಗಕ್ಕೆ ಸೋಲಾರ್ ಫಲಕ ಒಳ್ಳೆಯದು.

‘ಸೋಲಾರ್ ಫಲಕದ ಮೇಲೆ ಚೂರು ನೆರಳು ಬಿದ್ದರೇನಂತೆ?’ ಫಲಕದ ಸೆಲ್‌ಗಳು ಸರಪಳಿಯಂತೆ ಜೋಡಣೆಯಾಗಿರುತ್ತವೆ. ಹಾಯಿಗಂಬದ ತೆಳು ನೆರಳು ಕೆಲವೇ ಸೆಲ್‌ಗಳ ಮೇಲೆ ಬಿದ್ದರೂ ಉತ್ಪಾದನೆ ಭಾರಿ ಇಳಿಯಬಹುದು.

‘ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಹೀರಿಕೊಳ್ಳುತ್ತದೆ.’ ಈಗಿನ ಬ್ಯಾಟರಿಗಳ ಪ್ಲಾಸ್ಟಿಕ್ ಕವಚದಿಂದ ಕರೆಂಟ್ ನೆಲಕ್ಕೆ ಹೋಗದು. ಎಲ್ಲಿಟ್ಟರೂ ಬ್ಯಾಟರಿ ತಾನಾಗಿಯೇ ನಿಧಾನಕ್ಕೆ ಇಳಿಯುತ್ತದೆ.

ಇಲ್ಲಿ ಆಟ ಬೇಡ

ಚಾರ್ಜ್ ಆಗುವಾಗ ಲೆಡ್-ಆಸಿಡ್ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ. 4 ಸೇರಿದರೂ ಒಂದು ಕಿಡಿ ಸಾಕು. ಆದ್ದರಿಂದ ಗಾಳಿಯಾಡುವಂತಿರಲಿ, ಬೆಂಕಿ ಹತ್ತಿರ ಬೇಡ. ಉಪ್ಪುನೀರು ಆಸಿಡ್‌ಗೆ ಸೇರಿದರೆ ವಿಷಕಾರಿ ಕ್ಲೋರಿನ್ ಹುಟ್ಟಬಹುದು. ನೀರು ತುಂಬುವುದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮುಖ್ಯ ಸ್ವಿಚ್ ಆರಿಸಿದರೆ ಆಲ್ಟರ್ನೇಟರಿನ ಡಯೋಡ್‌ಗಳು ಸುಡುವ ಅಪಾಯವಿದೆ. ಲಿಥಿಯಂ ಬ್ಯಾಟರಿಗೆ ಬೇರೆಯೇ ಚಾರ್ಜಿಂಗ್ ಕ್ರಮ ಬೇಕು, ಮೇಲಿನ ಅಂಕಿಗಳು ಅದಕ್ಕೆ ಹೊಂದುವುದಿಲ್ಲ.

ಒಟ್ಟಿನಲ್ಲಿ, ಬ್ಯಾಟರಿಯ ಬಗ್ಗೆ ಫಾರ್ವರ್ಡ್ ಬಂದಾಗ ಎರಡು ಪ್ರಶ್ನೆ ಕೇಳೋಣ: ಇದು ಯಾವ ಬಗೆಯ ಬ್ಯಾಟರಿಗೆ? ಎಲ್ಲಿ ಅಳೆದಾಗ ಎಷ್ಟು ವೋಲ್ಟ್? ಎರಡಕ್ಕೂ ಉತ್ತರವಿಲ್ಲದ ಸಂದೇಶವನ್ನು ಮುಂದಕ್ಕೆ ಕಳಿಸದಿರುವುದೇ ಲೇಸು. ನಿಮ್ಮ ಮನೆಯ ಇನ್ವರ್ಟರ್ ಬ್ಯಾಟರಿ ಬದಲಿಸುವ ಮುನ್ನವೂ ಟರ್ಮಿನಲ್ ಸ್ವಚ್ಛಮಾಡಿಸಿ, ಒಮ್ಮೆ ಅಳೆಸಿ ನೋಡಿ. ಸಾವಿರಾರು ರೂಪಾಯಿ ಉಳಿದರೂ ಉಳಿದೀತು.